ಮೂರು ಹಗಲು, ಮೂರು ರಾತ್ರಿಯ ಪಟ್ಟಿ

ವರ್ಷದ 365 ದಿನಗಳನ್ನು ಮೂರರಿಂದ ಗುಣಿಸಿದರೆ 1,095. ಮನೆತನದ ಮಾನ ಹೋಯಿತೆಂಬ ಕಾರಣಕ್ಕೆ 2015ರಲ್ಲಿ ಪಾಕಿಸ್ತಾನದಲ್ಲಿ ಕೊಲೆಯಾದ ಹೆಣ್ಣುಮಕ್ಕಳ ಸಂಖ್ಯೆ ಅದಕ್ಕಿಂತ ಒಂದು ಹೆಚ್ಚು: 1,096. ಅಲ್ಲಿನ ಸ್ವತಂತ್ರ ಮಾನವ ಹಕ್ಕುಗಳ ಆಯೋಗ ಕೊಟ್ಟ ಲೆಕ್ಕ ಇದು. ದಿನಕ್ಕೆ ಮೂವರು, ಭಾನುವಾರವೂ ಬಿಡುವಿಲ್ಲ, ಈದ್ ದಿನವೂ ಬಿಡುವಿಲ್ಲ. ಅದರ ಹಿಂದಿನ ವರ್ಷ 1,005, ಅದಕ್ಕೂ ಹಿಂದೆ 869. ಮೂರು ವರ್ಷ ಕೂಡಿಸಿದರೆ 2,970. ಮುನ್ನೂರು ಹುಡುಗಿಯರು ಓದುವ ಒಂದು ಪ್ರೌಢಶಾಲೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಅಂಥ ಹತ್ತು ಶಾಲೆಗಳ ಹಾಜರಿ ಪುಸ್ತಕ ಮೂರೇ ವರ್ಷದಲ್ಲಿ ಖಾಲಿ. ಅದೂ ಪತ್ರಿಕೆಗೆ, ಪೊಲೀಸರಿಗೆ ಗೊತ್ತಾದವರಷ್ಟೇ. ರಾತ್ರೋರಾತ್ರಿ ಮಣ್ಣು ಮಾಡಿ, ಜ್ವರ ಬಂದು ಹೋದಳು ಎಂದು ಊರಿಗೆ ಹೇಳಿದವರ ಲೆಕ್ಕ ಇದರಲ್ಲಿಲ್ಲ.

ಮರುವರ್ಷ ಜುಲೈ 15ರ ರಾತ್ರಿ ಮುಲ್ತಾನ್‌ನಲ್ಲಿ ಸಾಮಾಜಿಕ ಜಾಲತಾಣದ ತಾರೆ ಕಂದೀಲ್ ಬಲೋಚ್ ಕೊಲೆಯಾದಳು. ವಯಸ್ಸು 26. ಫೇಸ್‌ಬುಕ್‌ನಲ್ಲಿ ಅವಳನ್ನು ಹಿಂಬಾಲಿಸುತ್ತಿದ್ದವರು 7 ಲಕ್ಷಕ್ಕೂ ಹೆಚ್ಚು. ಅಷ್ಟು ಲಕ್ಷ ಜನ ನೋಡುತ್ತಿದ್ದ ಹೆಣ್ಣನ್ನು ಕೊಂದದ್ದು ಒಬ್ಬನೇ, ಒಡಹುಟ್ಟಿದ ತಮ್ಮ. ಅವಳ ದುಡಿಮೆಯಲ್ಲೇ ಆ ಮನೆ ನಡೆಯುತ್ತಿತ್ತು. ಕೊಂದವನು ಪತ್ರಕರ್ತರೆದುರು ನಿಂತು ತಾನೇ ಕೊಂದೆ ಎಂದ, ನಾಚಿಕೆಯಿಲ್ಲ ಎಂದೂ ಹೇಳಿದ.

ಆಮೇಲೆ ನಡೆದದ್ದು ನಿಜಕ್ಕೂ ಬೆರಗು ಹುಟ್ಟಿಸುವ ವೇಗದಲ್ಲಿ. ಪಾಕಿಸ್ತಾನದಲ್ಲಿ 1990ರಲ್ಲಿ ಬಂದ ಸುಗ್ರೀವಾಜ್ಞೆಯೊಂದು ಕೊಲೆಯನ್ನು ಕ್ಷಮಿಸುವ ಅಧಿಕಾರವನ್ನು ಸತ್ತವರ ವಾರಸುದಾರರಿಗೆ ಕೊಟ್ಟಿತ್ತು. ಅದಕ್ಕೆ ಮೊದಲ ತಿದ್ದುಪಡಿ ತರಲು 14 ವರ್ಷ ಬೇಕಾಯಿತು. ಕಂದೀಲ್ ಸತ್ತ ಮೇಲೆ ಎರಡನೆಯದು ಬಂದದ್ದು 83 ದಿನಗಳಲ್ಲಿ! 2016ರ ಅಕ್ಟೋಬರ್ 6ರಂದು ಸಂಸತ್ತಿನ ಜಂಟಿ ಅಧಿವೇಶನ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. ಮನೆಯವರು ಕ್ಷಮಿಸಿದರೂ ಮರ್ಯಾದೆಗೇಡು ಹತ್ಯೆಗೆ ಜೀವಾವಧಿ ತಪ್ಪದು ಎಂಬುದು ಅದರ ಸಾರ. ಅಲ್ಲಿ ಜೀವಾವಧಿಯೆಂದರೆ 25 ವರ್ಷ, ಅಂದರೆ ಒಂಬತ್ತು ಸಾವಿರಕ್ಕೂ ಹೆಚ್ಚು ದಿನ. ಕಂದೀಲ್ ಬದುಕಿದ್ದ ವರ್ಷಗಳಿಗಿಂತ ಒಂದೇ ಕಡಿಮೆ.

2019ರ ಆಗಸ್ಟ್‌ನಲ್ಲಿ ಹೆತ್ತವರು ಮಗನನ್ನು ಕ್ಷಮಿಸಿದ್ದೇವೆ ಎಂದು ಕೋರ್ಟಿಗೆ ಬರೆದುಕೊಟ್ಟರು. ನ್ಯಾಯಾಧೀಶರು ಒಪ್ಪಲಿಲ್ಲ. ಸೆಪ್ಟೆಂಬರ್ 27ರಂದು ಜೀವಾವಧಿ ಶಿಕ್ಷೆ ಬಿತ್ತು. ಕಾಯ್ದೆ ಗೆದ್ದಿತು ಎಂದು ಪತ್ರಿಕೆಗಳು ಬರೆದವು. ಆ ಗೆಲುವಿನ ಆಯಸ್ಸು 871 ದಿನ. 2022ರ ಫೆಬ್ರುವರಿ 14ರಂದು ಲಾಹೋರ್ ಹೈಕೋರ್ಟಿನ ಮುಲ್ತಾನ್ ಪೀಠ ಅವನನ್ನು ಬಿಡುಗಡೆ ಮಾಡಿತು. ಹೆತ್ತವಳು ಕ್ಷಮಿಸಿದ್ದಳು, ಸಾಕ್ಷಿಗಳು ಮಾತು ಬದಲಿಸಿದ್ದರು. ಒಂಬತ್ತು ಸಾವಿರ ದಿನಗಳ ಶಿಕ್ಷೆಯಲ್ಲಿ ಅವನು ಒಳಗಿದ್ದದ್ದು ಬಂಧನದ ದಿನದಿಂದ ಲೆಕ್ಕ ಹಾಕಿದರೂ ಆರು ವರ್ಷಕ್ಕಿಂತ ಕಡಿಮೆ. ಅವಳ ಸಾವಿನ ಬಳಿಕ ಬಂದ ಕಾಯ್ದೆ ಅವಳ ಮೊಕದ್ದಮೆಯಲ್ಲೇ ನಿಲ್ಲಲಿಲ್ಲ.

ಮನೆಯಿಂದ ತಪ್ಪಿಸಿಕೊಂಡು ಕಾನೂನಿನ ಬಾಗಿಲವರೆಗೆ ಬಂದುಬಿಟ್ಟರೆ ಜೀವ ಉಳಿದೀತು ಎಂದು ನಾವು ನಂಬಿರುತ್ತೇವೆ. ಆ ಬಾಗಿಲಿಗೂ ಸಾವಿಗೂ ನಡುವೆ ಎಷ್ಟು ದೂರ? 1999ರ ಏಪ್ರಿಲ್ 6ರಂದು ಲಾಹೋರ್‌ನಲ್ಲಿ ಆ ದೂರ ಸೊನ್ನೆ. ಪೇಶಾವರದ ಸಮಿಯಾ ಸರ್ವರ್ ವಿಚ್ಛೇದನ ಕೇಳಿ ವಕೀಲೆ ಹಿನಾ ಜಿಲಾನಿಯವರ ಕಚೇರಿಗೆ ಬಂದಿದ್ದಳು. ಮಾತಾಡಲು ತಾಯಿ ಬರುತ್ತಾಳೆ ಎಂದರು. ತಾಯಿ ಬಂದಳು, ನಡೆಯಲಾಗದವಳಂತೆ ಒಬ್ಬ ಗಂಡಸಿನ ತೋಳು ಹಿಡಿದು. ಆ ತೋಳಿನವನೇ ಪಿಸ್ತೂಲು ತೆಗೆದ. ವಕೀಲರ ಮೇಜಿನ ಎದುರೇ ಸಮಿಯಾ ಬಿದ್ದಳು. ನಾಲ್ಕು ತಿಂಗಳ ಬಳಿಕ ಇದನ್ನು ಖಂಡಿಸುವ ನಿರ್ಣಯ ಪಾಕಿಸ್ತಾನದ ಸೆನೆಟ್‌ಗೆ ಬಂತು. ಸದಸ್ಯಬಲ 87. ನಿರ್ಣಯದ ಪರ ಎದ್ದು ನಿಂತವರು 4! ಶೇಕಡಾ ಐದೂ ಇಲ್ಲ. ಕೊಂದವರನ್ನು ಗಲ್ಲಿಗೇರಿಸಿ ಎಂದು ಕೇಳಿದ ನಿರ್ಣಯವಲ್ಲ ಅದು, ಬರೀ ಖಂಡನೆ.

ಹದಿನೈದು ವರ್ಷ ಕಳೆಯಿತು, ಅದೇ ಊರು. 2014ರ ಮೇ 27ರಂದು ಮೂರು ತಿಂಗಳ ಗರ್ಭಿಣಿ ಫರ್ಜಾನಾ ಪರ್ವೀನ್ ಲಾಹೋರ್ ಹೈಕೋರ್ಟಿಗೆ ಬಂದದ್ದು ಒಂದೇ ಮಾತು ಹೇಳಲು: ನನ್ನನ್ನು ಯಾರೂ ಅಪಹರಿಸಿಲ್ಲ, ಇಷ್ಟಪಟ್ಟೇ ಮದುವೆಯಾದೆ. ಒಳಗೆ ಹೋಗುವ ಮುನ್ನವೇ ತಂದೆ, ಅಣ್ಣತಮ್ಮಂದಿರು ಸೇರಿ ಇಪ್ಪತ್ತರಷ್ಟು ಜನ ಸುತ್ತುವರಿದು ಹಗಲು ಹೊತ್ತಿನಲ್ಲಿ ಇಟ್ಟಿಗೆಯಿಂದ ಜಜ್ಜಿ ಕೊಂದರು. ಇಪ್ಪತ್ತು ಜನ, ಒಬ್ಬಳು, ಎದುರಿಗೆ ಹೈಕೋರ್ಟು. ಇಷ್ಟೇ ಆಗಿದ್ದರೆ ಸುದ್ದಿ ಅಲ್ಲಿಗೆ ಮುಗಿಯುತ್ತಿತ್ತು. ಮುಂದಿನದು ಇನ್ನೂ ನಂಬಲಾಗದ್ದು. ಅವಳ ಗಂಡ ಸುದ್ದಿಗಾರರಿಗೆ ತಾನೇ ಹೇಳಿದ: ಇವಳನ್ನು ಮದುವೆಯಾಗಲು ತನ್ನ ಮೊದಲ ಹೆಂಡತಿಯನ್ನು ತಾನು ಕೊಂದಿದ್ದೆ, ಮಗ ಕ್ಷಮಿಸಿದ್ದರಿಂದ ಹೊರಬಂದೆ. ಒಬ್ಬನ ಬಾಳಿನಲ್ಲಿ ಇಬ್ಬರು ಹೆಂಡಿರು, ಎರಡೂ ಕೊಲೆ. ಒಂದನ್ನು ಕಾನೂನು ತಡೆಯಲಿಲ್ಲ, ಇನ್ನೊಂದನ್ನು ಕಾನೂನೇ ಕ್ಷಮಿಸಿತು.

ಪಾಕಿಸ್ತಾನದ ಉತ್ತರದ ಗುಡ್ಡಗಾಡು ಕೊಹಿಸ್ತಾನದ ಒಂದು ಮದುವೆಯ ವಿಡಿಯೊ ಕೆಲವೇ ನಿಮಿಷಗಳದ್ದು. ಹೆಂಗಸರು ನೆಲದ ಮೇಲೆ ಕುಳಿತು ಹಾಡುತ್ತಾ ಚಪ್ಪಾಳೆ ತಟ್ಟುತ್ತಾರೆ, ಬೇರೊಂದು ದೃಶ್ಯದಲ್ಲಿ ಒಬ್ಬ ಹುಡುಗ ಕುಣಿಯುತ್ತಾನೆ. ಹೆಂಗಸರೂ ಹುಡುಗನೂ ಒಂದೇ ಚೌಕಟ್ಟಿನಲ್ಲಿ ಕಾಣುವುದೂ ಇಲ್ಲ. ಈ ಚಪ್ಪಾಳೆಗಾಗಿ ಆ ಹೆಂಗಸರನ್ನು ಕೊಂದಿದ್ದಾರೆ ಎಂದು ಆ ಹುಡುಗನ ಅಣ್ಣ ಅಫ್ಜಲ್ ಕೊಹಿಸ್ತಾನಿ 2012ರಲ್ಲಿ ಹೊರಜಗತ್ತಿಗೆ ಕೂಗಿ ಹೇಳಿದ. ಸುಪ್ರೀಂ ಕೋರ್ಟು ಬೆಟ್ಟದ ಮೇಲಕ್ಕೆ ತಂಡ ಕಳಿಸಿತು. ಊರಿನವರು ಬೇರೆ ಹುಡುಗಿಯರನ್ನು ತಂದು ನಿಲ್ಲಿಸಿ, ಇವರೇ ಅವರು, ಬದುಕಿದ್ದಾರೆ ನೋಡಿ ಎಂದರು. ಬಂದವರಲ್ಲಿ ಹೆಚ್ಚಿನವರು ನಂಬಿದರು. ನಂಬದೆ ಉಳಿದವರು ತಂಡದಲ್ಲಿದ್ದ ಹಕ್ಕುಗಳ ಹೋರಾಟಗಾರ್ತಿ ಫರ್ಜಾನಾ ಬಾರಿ. ಆ ಕೆಲವು ನಿಮಿಷಗಳ ಹಾಡಿಗೆ ಕೋರ್ಟು ಶಿಕ್ಷೆ ಪ್ರಕಟಿಸಿದ್ದು 2019ರ ಸೆಪ್ಟೆಂಬರ್‌ನಲ್ಲಿ: ಏಳು ವರ್ಷದ ಮೇಲೆ, ಮೂವರು ಕೊಲೆಗಾರರಿಗೆ. ಆ ಏಳು ವರ್ಷದೊಳಗೆ ಅಫ್ಜಲ್‌ನ ಮೂವರು ಸಹೋದರರು ಕೊಲೆಯಾಗಿದ್ದರು. ತೀರ್ಪಿಗೆ ಆರು ತಿಂಗಳು ಇರುವಾಗ, ಮಾರ್ಚ್‌ನಲ್ಲಿ, ಅಬ್ಬೊಟ್ಟಾಬಾದ್‌ನ ಬೀದಿಯಲ್ಲಿ ಅಫ್ಜಲ್‌ನನ್ನೂ ಗುಂಡಿಟ್ಟು ಕೊಂದರು.

2016ರ ಕಾಯ್ದೆಯಿಂದ ಏನೂ ಆಗಲಿಲ್ಲವೇ? 2024ರಲ್ಲಿ ಅದೇ ಮಾನವ ಹಕ್ಕುಗಳ ಆಯೋಗದ ಲೆಕ್ಕ 405. 1,096ರಿಂದ 405ಕ್ಕೆ ಇಳಿದದ್ದನ್ನು ಕಂಡು ಸಮಾಧಾನಪಡಬೇಕೆಂದು ನನಗೂ ಆಸೆ. ಆದರೆ ಅದೇ ವರ್ಷ ಅದೇ ದೇಶದ ಇನ್ನೊಂದು ಸಂಸ್ಥೆ, ಸಸ್ಟೇನಬಲ್ ಸೋಷಿಯಲ್ ಡೆವಲಪ್‌ಮೆಂಟ್ ಆರ್ಗನೈಸೇಷನ್, ಕೊಟ್ಟ ಲೆಕ್ಕ 547. ಎರಡು ಪಟ್ಟಿಗಳ ನಡುವಿನ ಅಂತರವೇ 142 ಹೆಣ. ಒಂದು ಪಟ್ಟಿಯಲ್ಲಿದ್ದು ಇನ್ನೊಂದರಲ್ಲಿ ಇಲ್ಲದ 142 ಜನರೆಂದರೆ ಮೂರು ಬಸ್ಸಿನ ತುಂಬ ಜನ. ಕಡಿಮೆಯಾಯಿತೆ, ಅಡಗಿತೆ ಎಂದು ಹೇಳುವುದಕ್ಕೆ ಮೊದಲು ಆ ಮೂರು ಬಸ್ಸು ಎಲ್ಲಿ ಹೋದವು ಎಂದು ಹೇಳಬೇಕು. ಎರಡನೆಯ ಸಂಸ್ಥೆಯ ಇನ್ನೊಂದು ಅಂಕಿ ಇನ್ನೂ ಭಯಂಕರ: ಇಂಥ ಪ್ರಕರಣಗಳಲ್ಲಿ ಶಿಕ್ಷೆಯಾಗುವ ಪ್ರಮಾಣ ದೇಶಾದ್ಯಂತ ಶೇಕಡಾ 0.5. ಇನ್ನೂರು ಕೊಲೆಗೆ ಒಂದು ಶಿಕ್ಷೆ. ಪಂಜಾಬ್ ಪ್ರಾಂತ್ಯದಲ್ಲಿ 225 ಹತ್ಯೆ, ಶಿಕ್ಷೆ 2. ಬಲೂಚಿಸ್ತಾನದಲ್ಲಿ 32 ಹತ್ಯೆ, ಶಿಕ್ಷೆ 1.

ಆ ಬಲೂಚಿಸ್ತಾನದಿಂದಲೇ 2025ರ ಜುಲೈನಲ್ಲಿ ಒಂದು ವಿಡಿಯೊ ಬಂತು. ಕ್ವೆಟ್ಟಾದ ಹೊರಗೆ ಬೋಳು ಗುಡ್ಡ, ನಿಂತ ಜೀಪುಗಳು, ಗಂಡಸರ ಗುಂಪು. ಐದು ಮಕ್ಕಳ ತಾಯಿಯೊಬ್ಬಳು ಕೈಗೆ ಕೊಟ್ಟ ಕುರಾನ್ ಹಿಡಿದು ಮುಂದೆ ನಡೆಯುತ್ತಾಳೆ. ನನ್ನ ಜೊತೆ ಏಳು ಹೆಜ್ಜೆ ನಡಿ, ಆಮೇಲೆ ಗುಂಡು ಹೊಡಿ ಎನ್ನುತ್ತಾಳೆ. ಬೆನ್ನು ತಿರುಗಿಸಿ ನಿಲ್ಲುತ್ತಾಳೆ. ಕಾಯ್ದೆಗೆ ಒಂಬತ್ತನೆಯ ವರ್ಷ ನಡೆಯುತ್ತಿತ್ತು, ಆ ಬಯಲಿನಲ್ಲಿ ಅವಳಿಗೆ ಸಿಕ್ಕಿದ್ದು ಏಳು ಹೆಜ್ಜೆ. ಅವಳ ತಾಯಿಯೇ ಆಮೇಲೆ ಕ್ಯಾಮೆರಾ ಎದುರು ಕುಳಿತು, ಇದು ನಮ್ಮ ಪದ್ಧತಿಯಂತೆಯೇ ನಡೆದಿದೆ, ಹಿಡಿದಿಟ್ಟ ಮುಖಂಡರನ್ನು ಬಿಡಿ ಎಂದಳು.

ಗಡಿಯಾಚೆಯ ಕಥೆ ಎಂದು ಪುಟ ಮಗುಚುವ ಹಾಗಿಲ್ಲ. ಭಾರತದಲ್ಲಿ ಮರ್ಯಾದೆಗೇಡು ಹತ್ಯೆಯನ್ನು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಬೇರೆಯಾಗಿ ಎಣಿಸಲು ಹೊರಟದ್ದೇ 2014ರಲ್ಲಿ. ಆ ವರ್ಷ 28. ಮರುವರ್ಷ 251! ಒಂದೇ ವರ್ಷದಲ್ಲಿ ಒಂಬತ್ತು ಪಟ್ಟು. 2020ರಲ್ಲಿ 25. ನೂರ ನಲವತ್ತು ಕೋಟಿ ಜನರ ದೇಶದಲ್ಲಿ ವರ್ಷಕ್ಕೆ 25 ಎಂದರೆ ಐದೂವರೆ ಕೋಟಿ ಜನಕ್ಕೆ ಒಂದು. ಈ ಲೆಕ್ಕವನ್ನು ನಂಬಿದರೆ ಭಾರತದಲ್ಲಿ ಈ ಪಿಡುಗೇ ಇಲ್ಲ. ಯಾವುದೇ ಜಿಲ್ಲೆಯ ಪತ್ರಿಕಾ ವರದಿಗಾರ ಇದನ್ನು ನಂಬಲಾರ.

ತಮಿಳುನಾಡಿನ ವಿರುದಾಚಲಂ ಬಳಿ 2003ರ ಜುಲೈ 8ರಂದು ಮದುವೆಯಾಗಿದ್ದ ಕಣ್ಣಗಿ ಮತ್ತು ಮುರುಗೇಶನ್ ಅವರನ್ನು ಊರೆದುರೇ ವಿಷ ಹಾಕಿ ಕೊಂದು ಸುಟ್ಟರು. ಅವನು ದಲಿತ ಎಂಜಿನಿಯರ್, ಅವಳು ವಾಣಿಜ್ಯ ಪದವೀಧರೆ. ಅವಳಿಗೆ 22 ವರ್ಷ. ಕಡಲೂರಿನ ವಿಶೇಷ ಕೋರ್ಟು 13 ಜನರಿಗೆ ಶಿಕ್ಷೆ ಕೊಟ್ಟದ್ದು 2021ರ ಸೆಪ್ಟೆಂಬರ್ 24ರಂದು, ಅಂದರೆ 6,653 ದಿನಗಳ ಮೇಲೆ. ಕಣ್ಣಗಿಯ ತಂದೆ, ಅಣ್ಣ, ಪೊಲೀಸರು ಎಲ್ಲರೂ ಆ ಹದಿಮೂರರಲ್ಲಿದ್ದರು. ಸುಪ್ರೀಂ ಕೋರ್ಟು ಕೊನೆಯ ಮಾತು ಹೇಳಿದ್ದು 2025ರ ಏಪ್ರಿಲ್‌ನಲ್ಲಿ. ಅವಳು ಬದುಕಿದ್ದಷ್ಟೇ ವರ್ಷ ಅವಳ ಮೊಕದ್ದಮೆಯೂ ಬದುಕಿತು.

ಹರಿಯಾಣದ ನವದಂಪತಿ ಮನೋಜ್ ಮತ್ತು ಬಬ್ಲಿಗೆ ಕೋರ್ಟು ಪೊಲೀಸ್ ಕಾವಲು ಕೊಟ್ಟಿತ್ತು. 2007ರ ಜೂನ್‌ನಲ್ಲಿ ಕಾವಲಿನವರು ಅರ್ಧ ದಾರಿಯಲ್ಲಿ ಬಿಟ್ಟುಹೋದರು, ಹೆಣಗಳು ಕಾಲುವೆಯಲ್ಲಿ ಸಿಕ್ಕವು. 2010ರಲ್ಲಿ ಕರ್ನಾಲ್ ಕೋರ್ಟು ಐವರಿಗೆ ಗಲ್ಲು ವಿಧಿಸಿದಾಗ ದೇಶವೇ ಬೆಚ್ಚಿಬಿದ್ದು ನೋಡಿತು. ಒಂದೇ ವರ್ಷ. ಹೈಕೋರ್ಟಿನಲ್ಲಿ ನಾಲ್ವರ ಗಲ್ಲು ಜೀವಾವಧಿಯಾಯಿತು, ಜಾತಿ ಪಂಚಾಯಿತಿಯ (ಖಾಪ್) ಮುಖಂಡ ಮನೆಗೆ ಹೋದ.

ಈ ವೇಗಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ತಮಿಳುನಾಡಿನ ಉಡುಮಲೈಪೇಟೆಯ ಬಸ್ ನಿಲ್ದಾಣದ ಎದುರು 2016ರ ಮಾರ್ಚ್ 13ರಂದು ದಲಿತ ಯುವಕ ಶಂಕರ್‌ನನ್ನು ಕೊಚ್ಚಿ, ಅವನ ಹೆಂಡತಿ ಕೌಸಲ್ಯಾಳನ್ನು ಗಾಯಗೊಳಿಸಿ, ಬೈಕ್ ಹತ್ತಿ ಹೋಗುವುದಕ್ಕೆ ಕೊಲೆಗಾರರಿಗೆ ಬೇಕಾದದ್ದು ಒಂದು ನಿಮಿಷಕ್ಕೂ ಕಡಿಮೆ. ಸಿಸಿಟಿವಿಯಲ್ಲಿ ಎಲ್ಲವೂ ದಾಖಲಾಗಿತ್ತು. ಆ ಒಂದು ನಿಮಿಷಕ್ಕೆ ಸೆಷನ್ಸ್ ಕೋರ್ಟಿನ ತೀರ್ಪು ಬರಲು 639 ದಿನ ಹಿಡಿಯಿತು, ಮತ್ತು ಇದು ಈ ದೇಶದಲ್ಲಿ ಮಿಂಚಿನ ವೇಗ! ಆ ವೇಗದ ಹಿಂದೆ ಇದ್ದವಳು ಕೌಸಲ್ಯಾ. ತಲೆಗೆ ಮಚ್ಚಿನೇಟು ತಿಂದು ಬದುಕಿದ ಹುಡುಗಿ, ಹೆತ್ತವರಿಗೆ ಜಾಮೀನು ಕೊಡಬೇಡಿ ಎನ್ನಲು 58 ಬಾರಿ ಕೋರ್ಟು ಹತ್ತಿದಳು. ಐವತ್ತೆಂಟು ಸಲ ಸ್ವಂತ ಅಪ್ಪ ಅಮ್ಮನ ಮುಖಕ್ಕೆ ಮುಖ ಕೊಟ್ಟು ನಿಂತಳು. ತಂದೆ ಸೇರಿ ಆರು ಜನರಿಗೆ ಗಲ್ಲು ಶಿಕ್ಷೆಯಾಯಿತು. 923 ದಿನಗಳ ಮೇಲೆ, 2020ರ ಜೂನ್ 22ರಂದು, ಮದ್ರಾಸ್ ಹೈಕೋರ್ಟು ಐವರ ಗಲ್ಲನ್ನು ಜೀವಾವಧಿಗೆ ಇಳಿಸಿತು, ತಂದೆಯನ್ನು ಖುಲಾಸೆ ಮಾಡಿತು. ಕಾನೂನು ಗಟ್ಟಿಯಿದ್ದರೆ ಸಾಕು ಎನ್ನುವವರು ಆ 58ನ್ನು ಒಮ್ಮೆ ಗಮನಿಸಲಿ. ಸಾಕ್ಷಿಯೂ ಮನೆಯವರು, ಫಿರ್ಯಾದಿಯೂ ಮನೆಯವರು, ಆರೋಪಿಯೂ ಮನೆಯವರು ಆದ ಮೊಕದ್ದಮೆಯಲ್ಲಿ ಸರ್ಕಾರದ ಕಡೆ ಸಾಕ್ಷಿ ಉಳಿಯುವುದು ಹೀಗೊಬ್ಬಳು ಬದುಕುಳಿದರೆ ಮಾತ್ರ. ಉಳಿದ ಊರುಗಳಲ್ಲಿ ಆ ಒಬ್ಬಳೇ ಸತ್ತಿರುತ್ತಾಳೆ.

ನಮ್ಮ ನೆಲದ ಲೆಕ್ಕವಂತೂ ವರ್ಷಗಳಲ್ಲಿ ಹಿಡಿಯುವಂಥದ್ದಲ್ಲ, ಶತಮಾನಗಳಲ್ಲಿ. ಸಮಗಾರ ಹರಳಯ್ಯನ ಮಗ, ಬ್ರಾಹ್ಮಣ ಮಧುವರಸನ ಮಗಳು ಮದುವೆಯಾದದ್ದಕ್ಕೆ ಕಲ್ಯಾಣದಲ್ಲಿ ಇಬ್ಬರೂ ತಂದೆಯರನ್ನು ಆನೆಯ ಕಾಲಿಗೆ ಕಟ್ಟಿ ಎಳೆಸಿದರೆಂದು ಶರಣರ ಕಥನಗಳು ಹೇಳುತ್ತವೆ. ವಯಸ್ಸಿಗೆ ಬಂದ ಒಂದು ಆನೆಯ ತೂಕ ಸುಮಾರು ನಾಲ್ಕು ಸಾವಿರ ಕಿಲೋ, ಒಂದು ಮದುವೆಯ ವಿರುದ್ಧ ರಾಜ್ಯ ಹೂಡಿದ ತೂಕ ಅಷ್ಟು. ಅದು 1167ರ ಆಸುಪಾಸು. 2025ರ ಡಿಸೆಂಬರ್‌ನಲ್ಲಿ ಹುಬ್ಬಳ್ಳಿ ತಾಲ್ಲೂಕಿನ ಇನಾಂ ವೀರಾಪುರದಲ್ಲಿ ದಲಿತ ಯುವಕನನ್ನು ಮದುವೆಯಾದ ಗರ್ಭಿಣಿಯೊಬ್ಬಳ ಕೊಲೆಯಾಯಿತು, ಆರೋಪ ಹೆತ್ತ ತಂದೆಯ ಮೇಲೆ. ನಡುವೆ 858 ವರ್ಷ. ತಲೆಮಾರಿಗೆ ಇಪ್ಪತ್ತೈದು ವರ್ಷವೆಂದರೆ ಮೂವತ್ತನಾಲ್ಕು ತಲೆಮಾರು. ಅಂದು ಮಗಳನ್ನು ಕೊಟ್ಟದ್ದಕ್ಕೆ ತಂದೆ ಸತ್ತ. ಮೂವತ್ತನಾಲ್ಕು ತಲೆಮಾರಿನ ಮೇಲೆ ಆನೆಯೂ ಬೇಕಿಲ್ಲ, ಅರಸನೂ ಬೇಕಿಲ್ಲ.

ಪ್ರತ್ಯೇಕ ಕಾಯ್ದೆ ಬೇಕೆಂದು ಭಾರತದ ಕಾನೂನು ಆಯೋಗ ಕರಡು ಸಮೇತ ವರದಿ ಕೊಟ್ಟದ್ದು 2012ರಲ್ಲಿ, ಅದು ಆಯೋಗದ 242ನೆಯ ವರದಿ. ಶಕ್ತಿ ವಾಹಿನಿ ಸಂಸ್ಥೆಯ 2010ರ ಅರ್ಜಿಗೆ ಸುಪ್ರೀಂ ಕೋರ್ಟು 2018ರ ಮಾರ್ಚ್ 27ರಂದು ತೀರ್ಪು ಕೊಟ್ಟು, ಜಿಲ್ಲೆ ಜಿಲ್ಲೆಗೂ ವಿಶೇಷ ಘಟಕ, ಓಡಿಬಂದ ಜೋಡಿಗೆ ಸುರಕ್ಷಿತ ಮನೆ ಎಂದೆಲ್ಲ ಹೇಳಿತು. ಹೇಳಲು ಎಂಟು ವರ್ಷ. ಕಾಯ್ದೆ ಬೇಡವೆನ್ನುವ ಮಾತು ನನ್ನದಲ್ಲ, ಬೇಕೇ ಬೇಕು, ನಾಳೆಯೇ ಬೇಕು. ಆದರೆ ಕಾಯ್ದೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಅಳತೆ ಬೇಕಿದ್ದರೆ ಲಂಡನ್‌ಗೆ ಹೋಗಬೇಕು. ಅಲ್ಲಿ ಕ್ಷಮೆಯ ಕಾನೂನಿಲ್ಲ, ಖಾಪ್ ಇಲ್ಲ, ಬುಡಕಟ್ಟು ಹಿರಿಯರ ಜಿರ್ಗಾ ಇಲ್ಲ. 20 ವರ್ಷದ ಬನಾಜ್ ಮಹಮೂದ್ ನನ್ನನ್ನು ಕೊಲ್ಲುತ್ತಾರೆ ಎಂದು ಐದು ಬಾರಿ ಪೊಲೀಸರ ಬಳಿ ಹೋದಳು. ಯಾರು ಕೊಲ್ಲುತ್ತಾರೆ ಎಂದು ಹೆಸರುಗಳ ಪಟ್ಟಿಯನ್ನೂ ಬರೆದುಕೊಟ್ಟಳು. 2006ರ ಜನವರಿ 24ರಂದು ಕೊಂದರು. ಮೂರು ತಿಂಗಳ ಮೇಲೆ, ನೂರ ಅರವತ್ತು ಕಿಲೋಮೀಟರ್ ದೂರದ ಬರ್ಮಿಂಗ್‌ಹ್ಯಾಮ್‌ನ ಹಿತ್ತಲಿನಲ್ಲಿ, ಸೂಟ್‌ಕೇಸಿನೊಳಗೆ ಸಿಕ್ಕಳು. ತಂದೆಗೂ ಚಿಕ್ಕಪ್ಪನಿಗೂ ಶಿಕ್ಷೆಯಾಯಿತು, ಇರಾಕಿಗೆ ಓಡಿದ್ದ ಇಬ್ಬರನ್ನೂ ಎಳೆತಂದರು. ಸತ್ತ ಮೇಲೆ ಅವಳಿಗಾಗಿ ಸಾವಿರಾರು ಕಿಲೋಮೀಟರ್ ದಾಟಿಹೋದ ಪೊಲೀಸರಿಗೆ ಅವಳು ಬದುಕಿದ್ದಾಗ ಐದು ಬಾರಿಯೂ ಅವಳ ಮನೆ ಬಾಗಿಲು ದಾಟಲಾಗಲಿಲ್ಲ.

ಜಗತ್ತಿನಲ್ಲಿ ವರ್ಷಕ್ಕೆ 5,000 ಹೆಣ್ಣುಮಕ್ಕಳು ಮರ್ಯಾದೆಯ ಹೆಸರಿನಲ್ಲಿ ಸಾಯುತ್ತಾರೆ ಎಂದು ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ 2000ದಲ್ಲಿ ಅಂದಾಜಿಸಿತು. 105 ನಿಮಿಷಕ್ಕೆ ಒಬ್ಬಳು. ಈ 5,000 ಎಷ್ಟು ಹಳೆಯದಾಯಿತೆಂದರೆ ಆ ವರ್ಷ ಹುಟ್ಟಿದ ಹೆಣ್ಣುಮಗು ಈಗ ಕಣ್ಣಗಿಯ ವಯಸ್ಸನ್ನೂ ದಾಟಿದೆ, ಅಂಕಿ ಮಾತ್ರ ಇನ್ನೂ ಅಲ್ಲೇ ನಿಂತಿದೆ. ಮರ್ಯಾದೆ ಎಂಬ ಕಾರಣವನ್ನು ಪಕ್ಕಕ್ಕಿಟ್ಟು, ಗಂಡ, ಸಂಗಾತಿ, ತಂದೆ, ಅಣ್ಣತಮ್ಮ, ಒಟ್ಟಿನಲ್ಲಿ ತನ್ನವರ ಕೈಯಲ್ಲೇ ಸತ್ತ ಹೆಂಗಸರನ್ನೆಲ್ಲ ಕೂಡಿಸಿದರೆ 2023ರ ಒಂದೇ ವರ್ಷದಲ್ಲಿ 51,100. ವಿಶ್ವಸಂಸ್ಥೆಯ ಲೆಕ್ಕದಲ್ಲಿ ದಿನಕ್ಕೆ 140. ಐದು ಸೆಕೆಂಡಿಗೆ ಒಂದರಂತೆ ಅವರ ಹೆಸರು ಓದಲು ಕುಳಿತರೆ, ನೀರು ಕುಡಿಯಲೂ ನಿಲ್ಲಿಸದೆ ಓದಿದರೆ, ಮೂರು ಹಗಲು ಮೂರು ರಾತ್ರಿ. ಅಷ್ಟರಲ್ಲಿ ಪಟ್ಟಿಗೆ ಇನ್ನೂ ನಾನೂರಕ್ಕೂ ಹೆಚ್ಚು ಹೆಸರು ಸೇರಿರುತ್ತದೆ.

ಕಾನೂನು ಸುಧಾರಣೆಯ ವೇಗಕ್ಕೂ ವಿಶ್ವಸಂಸ್ಥೆ ಒಂದು ಅಂಕಿ ಕೊಟ್ಟಿದೆ. ಹೆಣ್ಣಿಗೆ ರಕ್ಷಣೆ ಕೊಡದ, ತಾರತಮ್ಯ ಮಾಡುವ ಕಾನೂನುಗಳನ್ನೆಲ್ಲ ಜಗತ್ತು ಈಗಿನ ಗತಿಯಲ್ಲೇ ಸರಿಪಡಿಸುತ್ತಾ ಹೋದರೆ 286 ವರ್ಷದವರೆಗೂ ಬೇಕಾಗಬಹುದು, ಇದು 2022ರ ಅಂದಾಜು. 286 ವರ್ಷ! 2022ರಿಂದ ಅಷ್ಟೇ ಹಿಂದಕ್ಕೆ ಹೋದರೆ 1736. ಆಗ ಮೈಸೂರಿನಲ್ಲಿ ದಳವಾಯಿಗಳ ಆಡಳಿತ, ಹೈದರಾಲಿ ಇನ್ನೂ ಹೆಸರಿಲ್ಲದ ಹುಡುಗ, ಟಿಪ್ಪು ಹುಟ್ಟಿಯೇ ಇರಲಿಲ್ಲ. ಅಲ್ಲಿಂದ ಇಲ್ಲಿಯವರೆಗೆ ನಡೆದದ್ದೆಲ್ಲ ಇನ್ನೊಮ್ಮೆ ನಡೆಯುವಷ್ಟು ಕಾಲ, ಅದೂ ಕಾಗದದ ಮೇಲಿನ ಕೆಲಸಕ್ಕೆ ಮಾತ್ರ. 2016ರ ಪಾಕಿಸ್ತಾನದಂತೆ ಕಾಗದ ಸರಿಯಾದ ಮೇಲೆ ಅದು ಮನೆಯೊಳಗೆ ಹೋಗಲು ಬೇಕಾಗುವ ವರ್ಷಗಳನ್ನು ಯಾರೂ ಎಣಿಸಿಲ್ಲ. 2023ರ 51,100ನ್ನು ಆ 286ರಿಂದ ಗುಣಿಸಿದರೆ ಬರುವುದು 1 ಕೋಟಿ 46 ಲಕ್ಷ, ಹತ್ತಿರಹತ್ತಿರ ಇವತ್ತಿನ ಇಡೀ ಬೆಂಗಳೂರು.

2024ರ ಲೆಕ್ಕ ಬಂದಾಗ 51,100 ಇದ್ದದ್ದು 50,000ಕ್ಕೆ ಇಳಿದಿತ್ತು. ಆದರೆ ಇದನ್ನು ಇಳಿಕೆ ಎಂದು ತಿಳಿಯಬೇಡಿ, ದೇಶಗಳಿಂದ ಬಂದ ಮಾಹಿತಿಯಲ್ಲಿನ ವ್ಯತ್ಯಾಸವೇ ಇದಕ್ಕೆ ಮುಖ್ಯ ಕಾರಣ ಎಂದು ಅದೇ ವರದಿ ಎಚ್ಚರಿಸಿತು.